ಫೆದರ್ ಸೊನ್ನೆ

ಫೋಟೋ ತಿದ್ದುವವರಿಗೆ ಮಾಸ್ಕ್ ಗೊತ್ತೇ ಇರುತ್ತದೆ. ಇಡೀ ಚಿತ್ರವನ್ನು ಮುಟ್ಟದೆ, ಬೇಕಾದ ಜಾಗಕ್ಕೆ ಮಾತ್ರ ಬೆಳಕು, ಬಣ್ಣ ಕೊಡುವ ಉಪಾಯ. 2021ರ ಅಕ್ಟೋಬರ್‌ನಲ್ಲಿ ಲೈಟ್‌ರೂಮ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್‌ಗೆ ‘ಸೆಲೆಕ್ಟ್ ಸಬ್ಜೆಕ್ಟ್’ ಬಂದಾಗ ಎಲ್ಲರಿಗೂ ಬೆರಗು. ಒಂದು ಸಲ ಒತ್ತಿದರೆ ಸಾಕು, ಚಿತ್ರದಲ್ಲಿ ಮುಖ್ಯರು ಯಾರು ಎಂದು ಕಂಪ್ಯೂಟರೇ ಹುಡುಕಿಕೊಡುತ್ತದೆ. ಬೆಂಗಳೂರಿನಲ್ಲಿ ರಸ್ತೆ ಹಾಕಿಸುವವರು ಮಾತ್ರ ಇದನ್ನು ನೋಡಿ ನಕ್ಕಿರಬೇಕು. ಮುಖ್ಯರು ಯಾರು ಎಂದು ತಿಳಿಯಲು ಅವರಿಗೆ ಯಾವತ್ತು ಕಂಪ್ಯೂಟರ್ ಬೇಕಾಗಿತ್ತು?

ದೊಡ್ಡವರು ಬರುತ್ತಾರೆ ಅಂದ ಕೂಡಲೇ ಸೆಲೆಕ್ಷನ್ ಮುಗಿದಂತೆ. ಕಾರು ತಿರುಗುವ ಮೂಲೆಯಿಂದ ವೇದಿಕೆಯವರೆಗೆ ರಾತ್ರೋರಾತ್ರಿ ಡಾಂಬರು. ಪಕ್ಕದ ಕ್ರಾಸ್‌ನಲ್ಲಿ ಮಳೆನೀರು ನಿಂತ ಗುಂಡಿ ಹಾಗೇ ಇರುತ್ತದೆ. ಪಾಪ, ಅದು ಸಬ್ಜೆಕ್ಟ್ ಅಲ್ಲ ಅಲ್ವಾ.

ಆದರೆ ಕುಶಲತೆ ಇರುವುದು ಅಂಚಿನಲ್ಲಿ. ಫೆದರ್ ಅಂದರೆ ಅಂಚನ್ನು ಮೆತ್ತಗೆ ಮಾಡುವ ಅಳತೆ. ಅದನ್ನು ಜಾಸ್ತಿ ಮಾಡಿದರೆ ತಿದ್ದಿದ ಜಾಗ ತಿದ್ದದ ಜಾಗದೊಳಗೆ ನಿಧಾನವಾಗಿ ಕರಗುತ್ತದೆ. ಇಲ್ಲದಿದ್ದರೆ ತಲೆಗೂದಲ ಸುತ್ತ ಬಿಳಿ ಗೆರೆ ಎದ್ದು, ಕೈವಾಡ ಬಯಲಾಗುತ್ತದೆ. ನಮ್ಮವರ ಫೆದರ್ ಸದಾ ಸೊನ್ನೆ. ಶಾಮಿಯಾನದ ಕೊನೆಯ ಕಂಬಕ್ಕೆ ಡಾಂಬರು ಕತ್ತರಿಸಿದ ಕೇಕಿನಂತೆ ನಿಂತುಬಿಡುತ್ತದೆ. ಆ ಅಂಚು ಎಲ್ಲಿದೆ ಎಂದು ಸ್ಕೂಟರ್ ಓಡಿಸುವವರ ಸೊಂಟವನ್ನು ಕೇಳಿ, ಹೇಳುತ್ತದೆ.

ಮಾಸ್ಕ್ ಎಲ್ಲಿಯವರೆಗೆ ಹರಡಿದೆ ಎಂದು ನೋಡಲು ಲೈಟ್‌ರೂಮ್‌ನಲ್ಲಿ ‘ಓ’ ಒತ್ತುತ್ತಾರೆ, ಆಯ್ದ ಜಾಗ ಕೆಂಪಾಗಿ ಕಾಣುತ್ತದೆ. ಇಲ್ಲಿ ಅದೂ ಬೇಡ. ರಸ್ತೆಯ ಎರಡೂ ಬದಿ ಬ್ಲೀಚಿಂಗ್ ಪೌಡರ್ ಚೆಲ್ಲಿರುತ್ತಾರೆ. ಬಿಳಿ ಗೆರೆ ಮುಗಿದಲ್ಲಿ ಸರ್ಕಾರದ ಗಮನವೂ ಮುಗಿಯಿತು ಎಂದು ಲೆಕ್ಕ.

ಮಿಕ್ಕ ಬಟನ್‌ಗಳೂ ಚೆನ್ನಾಗಿ ರೂಢಿಯಲ್ಲಿವೆ. ಚುನಾವಣೆ ಹತ್ತಿರ ಬಂದರೆ ‘ಆ್ಯಡ್’. ಹೊಸ ಡಾಂಬರು ಆರುವ ಮೊದಲೇ ಪೈಪಿಗೋ ಕೇಬಲ್ಲಿಗೋ ಅಗೆದರೆ ‘ಸಬ್‌ಟ್ರ್ಯಾಕ್ಟ್’. ಎರಡು ಮಾಸ್ಕ್ ಒಂದರ ಮೇಲೊಂದು ಬೀಳುವಷ್ಟು ಜಾಗವನ್ನೇ ಉಳಿಸಿಕೊಳ್ಳುವುದು ‘ಇಂಟರ್‌ಸೆಕ್ಟ್’. ಬಿಲ್ ಆದ ರಸ್ತೆಗಳನ್ನೂ ನಿಜಕ್ಕೂ ಇರುವ ರಸ್ತೆಗಳನ್ನೂ ಇಂಟರ್‌ಸೆಕ್ಟ್ ಮಾಡಿ ನೋಡಲು ಮಾತ್ರ ಯಾರಿಗೂ ಧೈರ್ಯವಿಲ್ಲ.

ರಸ್ತೆಯಲ್ಲಿ ಬಿಟ್ಟುಹೋದದ್ದು ಫ್ಲೆಕ್ಸ್‌ನಲ್ಲಿ ಸರಿಹೋಗುತ್ತದೆ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಫ್ಲೆಕ್ಸ್‌ಗಳು ಸ್ವಲ್ಪ ದಿನ ತಲೆಮರೆಸಿಕೊಂಡವು, ಅಷ್ಟೇ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಪಾಲಿಕೆ ಚುನಾವಣೆ ನಡೆಯಲಿಲ್ಲ. ಅಣ್ಣಂದಿರ ಹುಟ್ಟುಹಬ್ಬಗಳು ಮಾತ್ರ ತಪ್ಪದೆ ನಡೆದವು. ಸ್ಟುಡಿಯೋ ಹುಡುಗರಿಗೆ ಬರುವ ಆರ್ಡರ್ ಎಲ್ಲ ಕಡೆ ಒಂದೇ: “ಅಣ್ಣನ್ನ ಬೆಳ್ಳಗ್ ಮಾಡಮ್ಮ, ಕೂದ್ಲು ಕರ‍್ರಗ್ ಮಾಡು, ಹಿಂದ್ಗಡೆ ಕಸ ತೆಗ್ದಾಕು.” ಹುಡುಗ ಜೂಮ್ ಮಾಡಿ, ಕಿವಿಯ ಹಿಂದಿನ ಒಂದೊಂದು ಎಳೆ ಕೂದಲನ್ನೂ ಬ್ರಶ್‌ನಲ್ಲಿ ಬಿಡಿಸುತ್ತಾನೆ. ಈ ಊರಿನಲ್ಲಿ ಅಷ್ಟು ಶ್ರದ್ಧೆಯಿಂದ ನಡೆಯುವ ಸಾರ್ವಜನಿಕ ಕೆಲಸ ಇನ್ನೊಂದಿಲ್ಲ. ಅಷ್ಟು ಮಾಡಿದ ಫ್ಲೆಕ್ಸ್ ಕಟ್ಟುವುದು ಎಲ್ಲಿಗೆ? ಆ ಕಸದ ರಾಶಿಯ ಮುಂದಿನ ಕಂಬಕ್ಕೇ.

‘ಇನ್ವರ್ಟ್’ ಅಂತ ಒಂದು ಬಟನ್ ಇದೆ. ಆಯ್ದದ್ದು ಹೊರಗೆ, ಉಳಿದದ್ದೆಲ್ಲ ಒಳಗೆ. ಒಂದೇ ಒಂದು ವರ್ಷ ಅದನ್ನು ಒತ್ತಿ ನೋಡಿ ಸ್ವಾಮಿ ಎಂದು ಇಂಜಿನಿಯರ್ ಸಾಹೇಬರನ್ನು ಕೇಳಿದರೆ ಉತ್ತರ ಏನು ಬರಬಹುದು, ಊಹಿಸುವುದು ಕಷ್ಟವಲ್ಲ.

“ಉಳಿದದ್ದು ಬ್ಯಾಕ್‌ಗ್ರೌಂಡ್ ಸಾರ್. ಅದನ್ನ ಬ್ಲರ್ ಮಾಡೋದೇ ರೂಢಿ.”