ಓಡಾಡುತ್ತಾರೆ ಅಂದ ಮಾತ್ರಕ್ಕೆ ಸುಳ್ಳು ಫಲಾನುಭವಿ ಅಲ್ಲ

"ಆರಾಮಾಗಿ ಓಡಾಡುವವರಿಗೂ ಅಂಗವಿಕಲ ಮಾಸಾಶನ" ಎಂಬ ಲೇಖನದ ದೂರು ಸರಿಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಅವುಗಳಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾದಂಥ ರಕ್ತದ ಕಾಯಿಲೆ, ಮಾನಸಿಕ ಕಾಯಿಲೆ ಬರಿಗಣ್ಣಿಗೆ ಕಾಣುವುದಿಲ್ಲ.

ನಿಜವಾದ ಅನ್ಯಾಯ ಬೇರೆ ಕಡೆ ಇದೆ. ಮಾಸಾಶನಕ್ಕೆ ಕನಿಷ್ಠ ಶೇ 40 ಅಂಗವೈಕಲ್ಯ ಇರಬೇಕು. ನಮ್ಮ ರಾಯಚೂರು, ಕೊಪ್ಪಳ ಕಡೆ ಕಾಲಿನ ವೈಕಲ್ಯ ಶೇ 30, ಕಿವಿಯದು ಶೇ 30 ಇದ್ದವರು ಕಾಲನ್ನಷ್ಟೇ ತೋರಿಸಿ ಬರಿಗೈಲಿ ಬರುತ್ತಾರೆ. ಎರಡನ್ನೂ ಕೂಡಿಸುವ ಸೂತ್ರವಿದೆ: 90ರಲ್ಲಿ ದೊಡ್ಡ ಅಂಕಿ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡದಕ್ಕೆ ಸೇರಿಸಬೇಕು. 30 ಮತ್ತು 30 ಸೇರಿದರೆ 50, ಅಂದರೆ ಅರ್ಹರು! ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿಯಲ್ಲಿ ಎರಡನ್ನೂ ನಮೂದಿಸಿ, ಮೂಳೆ ತಜ್ಞರ ಜೊತೆ ಕಿವಿ ತಜ್ಞರಿಂದಲೂ ತಪಾಸಣೆ ಮಾಡಿಸಿ. ತಾತ್ಕಾಲಿಕ ಪ್ರಮಾಣಪತ್ರವಾದರೆ ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಹಾಕಿ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.