ಸ್ಪಷ್ಟನೆ: ಮತ್ತೆ ಶುರುವಾಗಲಿರುವುದು ಕರಗಿದ ರಿಯಾಕ್ಟರ್ ಅಲ್ಲ

“1979ರಲ್ಲಿ ಕರಗಿದ ತ್ರೀ ಮೈಲ್ ಐಲ್ಯಾಂಡ್ ರಿಯಾಕ್ಟರನ್ನೇ ಮೈಕ್ರೋಸಾಫ್ಟ್‌ಗಾಗಿ ಚಾಲೂ ಮಾಡ್ತಿದ್ದಾರೆ, ಕೇಳುವವರೇ ಇಲ್ಲ” ಎಂಬ ಮೆಸೇಜು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅಮೆರಿಕದ ಪೆನ್ಸಿಲ್ವೇನಿಯಾದ ಆ ಅಣುವಿದ್ಯುತ್ ಸ್ಥಾವರದಲ್ಲಿ ಇದ್ದದ್ದು ಎರಡು ರಿಯಾಕ್ಟರ್. ಮಾರ್ಚ್ 28ರಂದು ಇಂಧನ ಕರಗಿದ್ದು ಎರಡನೆಯದರಲ್ಲಿ. ಆಮೇಲೆ ಅದು ಒಂದು ದಿನವೂ ಕರೆಂಟ್ ಕೊಟ್ಟಿಲ್ಲ. ಕೆಲಸಗಾರರು ರಿಯಾಕ್ಟರ್ ಪಾತ್ರೆಯ ಮೇಲಿನ ಅಟ್ಟಣೆಯಲ್ಲಿ ನಿಂತು, ಉದ್ದುದ್ದ ಹಿಡಿಯ ಸಲಕರಣೆಗಳಿಂದ ನೀರಿನಡಿಯ ಚೂರುಗಳನ್ನು ಹೆಕ್ಕಿದರು. ವರ್ಷಗಟ್ಟಲೆ ನಡೆದ ಈ ಕೆಲಸ ಮುಗಿದದ್ದು 1990ರಲ್ಲಿ. ಸುಮಾರು 100 ಟನ್ ಹಾಳಾದ ಇಂಧನ ಐಡಾಹೊ ರಾಜ್ಯಕ್ಕೆ ಹೋಯಿತು.

ಈಗ ತೆರೆಯಲು ಹೊರಟಿರುವುದು ಪಕ್ಕದ ಒಂದನೆಯದನ್ನು. ಅಪಘಾತದ ದಿನ ಅದು ಇಂಧನ ಬದಲಿಸಲು ನಿಂತಿತ್ತು. ಅದಕ್ಕೇನೂ ಆಗಿರಲಿಲ್ಲ. ಆದರೂ ಅಲ್ಲಿನ ಪರಮಾಣು ನಿಯಂತ್ರಣ ಆಯೋಗ ಸುಮ್ನೆ ಒಪ್ಪಲಿಲ್ಲ. ವಿಚಾರಣೆಗಳೆಲ್ಲ ಮುಗಿದು ಮತ್ತೆ ಶುರುವಾಗಲು 1985ರ ಅಕ್ಟೋಬರ್ ಬಂತು! 2019ರಲ್ಲಿ ಮುಚ್ಚಿದ್ದು ನಷ್ಟದ ಕಾರಣಕ್ಕೆ. 2024ರಲ್ಲಿ ಘೋಷಿಸಿದ ಹೊಸ ಯೋಜನೆಗೂ ಆಯೋಗದ ಒಪ್ಪಿಗೆ ಬೇಕೇ ಬೇಕು.

ಅಣುವಿದ್ಯುತ್ ಬೇಕೋ ಬೇಡವೋ ಎಂದು ಜಗಳ ಆಡೋಣ, ಅದು ಬೇರೆ ಮಾತು. ಈ ಮೆಸೇಜನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಆಯೋಗದ ಸಾರ್ವಜನಿಕ ದಾಖಲೆಗಳಲ್ಲಿ ಎರಡೂ ರಿಯಾಕ್ಟರ್‌ಗಳ ಕಥೆ ಬೇರೆ ಬೇರೆಯಾಗಿಯೇ ಇದೆ.