ಪಾಲಿಶ್ ಮೆಷಿನ್ ಕೊಡುತ್ತೇನೆ, ಮೊದಲು ಇದನ್ನು ಓದಿ

ಆಯುಧಪೂಜೆ ಹತ್ತಿರ ಬಂತು ಅಂದರೆ ನಮ್ಮ ರಸ್ತೆಯಲ್ಲಿ ನನಗೆ ಬೆಲೆ ಜಾಸ್ತಿಯಾಗುತ್ತದೆ. ಎಲ್ಲಾ ನನ್ನ ಹತ್ತಿರ ಇರುವ ಕಾರು ಪಾಲಿಶ್ ಮೆಷಿನ್ ಮಹಿಮೆ. ಈ ವರ್ಷ ಆಗಲೇ ಇಬ್ಬರು ಕೇಳಿಯಾಯಿತು. "ಒಂದರ್ಧ ಗಂಟೆ ಕೊಡಿ ಸಾರ್, ಸುಮ್ನೆ ಒಂದು ರೌಂಡ್ ಹೊಡೆದು ವಾಪಸ್ ಕೊಡ್ತೀನಿ" ಅಂತ. ಕೊಡುವುದಕ್ಕೆ ನನಗೇನೂ ಬೇಜಾರಿಲ್ಲ. ಆ 'ಸುಮ್ನೆ ಒಂದು ರೌಂಡ್' ಕೇಳಿದಾಗ ಮಾತ್ರ ಎದೆ ಝಲ್ ಅನ್ನುತ್ತದೆ.

ಪಾಲಿಶ್ ಅಂದರೆ ಏನೋ ಹಚ್ಚುವುದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಿಜವಾಗಿ ಅದು ಕೆರೆಯುವ ಕೆಲಸ. ನಮ್ಮಜ್ಜಿ ಪ್ರತಿ ಶುಕ್ರವಾರ ಹಿತ್ತಾಳೆ ದೀಪವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. ಫಳಫಳ ಅಂತಿತ್ತು. ಆದರೆ ದೀಪದ ಮೇಲಿನ ಹಂಸಕ್ಕೆ ಕೊನೆಕೊನೆಗೆ ಕೊಕ್ಕೇ ಇರಲಿಲ್ಲ, ಸವೆದು ಹೋಗಿತ್ತು. ಕಾರಿನ ಕಥೆಯೂ ಅದೇ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತದೆ. ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಅದೇ. ಗೀರು ಮಾಯವಾಗಬೇಕು ಅಂದರೆ ಗೀರಿನ ಅಕ್ಕಪಕ್ಕದ ಪದರವನ್ನು ಗೀರಿನ ಆಳದ ತನಕ ಸವೆಸಬೇಕು, ಬೇರೆ ದಾರಿಯೇ ಇಲ್ಲ. ಹಾಗೆ ಸವೆದದ್ದು ತಿರುಗಿ ಬರುವುದಿಲ್ಲ. ವರ್ಷಕ್ಕೆ ಮೂರು ಸಲ ಪಾಲಿಶ್ ಮಾಡಿಸುವವರನ್ನು ಕಂಡರೆ ನನಗೆ ಅಜ್ಜಿಯ ಹಂಸ ನೆನಪಾಗುತ್ತದೆ.

ಸರಿ, ಗೀರು ಎಲ್ಲಿಂದ ಬಂತು? ಬೆಳಿಗ್ಗೆ ಆರು ಗಂಟೆಗೆ ಯಾವ ಬಡಾವಣೆಗಾದರೂ ಹೋಗಿ ನೋಡಿ. ಒಂದು ಬಕೆಟ್, ಅರ್ಧ ನೀರು, ಒಂದೇ ಬಟ್ಟೆ, ಹತ್ತು ಕಾರು. ಹತ್ತನೇ ಕಾರಿಗೆ ಬರುವಷ್ಟರಲ್ಲಿ ಆ ನೀರು ಟೀ ಬಣ್ಣಕ್ಕೆ ತಿರುಗಿರುತ್ತದೆ. ಮೆಟ್ರೋ ಕಾಮಗಾರಿಯ ಧೂಳು, ಪಕ್ಕದ ಸೈಟಿನ ಸಿಮೆಂಟು, ಎಲ್ಲಾ ಆ ಬಟ್ಟೆಯಲ್ಲೇ. ಅದು ಬಟ್ಟೆ ಅಲ್ಲ, ಮರಳು ಕಾಗದ. ಕಪ್ಪು ಕಾರಾದರೆ ಬಿಸಿಲಲ್ಲಿ ಬಾನೆಟ್ ನೋಡಿ, ಸೂರ್ಯನ ಸುತ್ತ ಜೇಡರ ಬಲೆ ಕಟ್ಟಿದ ಹಾಗೆ ಕಾಣುತ್ತದೆ. ದಿನಾ ಗೀರು ಹಾಕಿಸಿಕೊಂಡು ವರ್ಷಕ್ಕೊಮ್ಮೆ ಕೆರೆಸುವ ನಮ್ಮ ಬುದ್ಧಿಗೆ ಏನು ಹೇಳಬೇಕೋ! ಒರೆಸುವ ಹುಡುಗನನ್ನು ಬೈಯಬೇಡಿ, ದಿನಾ ಒರೆಸಲೇಬೇಕು ಅಂತ ಹಟ ಹಿಡಿದವರು ನಾವೇ.

ಈಗ ನನ್ನ ಪ್ರತಾಪ ಹೇಳುತ್ತೇನೆ. ಮೊದಲ ಸಲ ನಾನು ಕೈ ಹಾಕಿದ್ದು ಪಾಲಿಶ್ ಮೆಷಿನ್ನಿಗೇ ಅಲ್ಲ. ಮನೆಯಲ್ಲಿ ನಾಲ್ಕಿಂಚಿನ ಗ್ರೈಂಡರ್ ಇತ್ತು, ಕಬ್ಬಿಣ ಕತ್ತರಿಸುವಂಥದ್ದು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಅದಕ್ಕೆ ಸಿಕ್ಕಿಸುವ ಉಣ್ಣೆ ಪ್ಯಾಡ್ ಸಿಕ್ಕಿತು. ದುಡ್ಡು ಉಳಿಯಿತು ಅಂತ ಬೀಗಿಕೊಂಡು ಬಂದೆ. ಗ್ರೈಂಡರ್ ತಿರುಗುವುದು ನಿಮಿಷಕ್ಕೆ ಸುಮಾರು 11,000 ಸುತ್ತು. ರೋಟರಿ ಪಾಲಿಶರ್ ಸಾಮಾನ್ಯವಾಗಿ 600ರಿಂದ 3,000. ಈ ಲೆಕ್ಕ ನನಗೆ ಆಮೇಲೆ ಗೊತ್ತಾಯಿತು. ಬಾನೆಟ್ಟಿನ ಮಧ್ಯದ ಏಣಿನ ಮೇಲೆ ಇಟ್ಟೆ, ಮೂರು ಸೆಕೆಂಡ್ ಇರಬಹುದು, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಪ್ಯಾಡ್ ಎತ್ತಿ ನೋಡಿದರೆ ಎಂಟಾಣೆ ಅಗಲಕ್ಕೆ ಬಣ್ಣ ಹೋಗಿ ಅದರ ಕೆಳಗಿನ ಬೂದು ಪ್ರೈಮರ್ ಪದರ ಕಾಣುತ್ತಿದೆ. ಏಣು, ಅಂಚುಗಳಲ್ಲಿ ಬಣ್ಣ ತೆಳು, ಬಿಸಿ ಬೇಗ ಏರುತ್ತದೆ. ಟಚಪ್ ಬಣ್ಣ ತಂದು ಬಳಿದೆ. ಹೊಂದಲಿಲ್ಲ. ಈಗಲೂ ಇದೆ ಆ ಚುಕ್ಕೆ.

ಆದ್ದರಿಂದ ಹೊಸಬರು ರೋಟರಿ ತಂಟೆಗೆ ಹೋಗಬೇಡಿ. ಅದು ಒಂದೇ ಕೇಂದ್ರದ ಸುತ್ತ ತಿರುಗುತ್ತದೆ, ಒಂದೇ ಕಡೆ ಬಿಸಿ ಕೂರುತ್ತದೆ, ಕೈ ಪಳಗದಿದ್ದರೆ ಬಣ್ಣದ ಮೇಲೆ ಹೊಗೆ ಸುಳಿಯಂಥ ಗುರುತು ಬಿಡುತ್ತದೆ. ಡಿಎ ಅಂತ ಸಿಗುತ್ತದಲ್ಲ, ಡ್ಯುಯಲ್ ಆಕ್ಷನ್, ಅದು ತಿರುಗುತ್ತಲೇ ಅಲುಗಾಡುತ್ತದೆ, ನಮ್ಮ ರುಬ್ಬುವ ಕಲ್ಲಿನ ಗುಂಡಿನ ಥರ. ಜಾಸ್ತಿ ಒತ್ತಿದರೆ ಪ್ಯಾಡ್ ತಿರುಗುವುದನ್ನೇ ನಿಲ್ಲಿಸುತ್ತದೆ, ಹಾಗಾಗಿ ಸುಡುವ ಭಯ ಕಮ್ಮಿ. ಪ್ಯಾಡ್ ಕೂರುವ ತಟ್ಟೆಯ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಸುತ್ತುತ್ತಿದ್ದರೆ ಕೆಲಸ ನಡೆಯುತ್ತಿದೆ, ನಿಂತಿದ್ದರೆ ನೀವು ಅತಿಯಾಗಿ ಒತ್ತುತ್ತಿದ್ದೀರಿ.

ಶುರು ಮಾಡುವ ಮೊದಲು ಕಾರನ್ನು ಚೆನ್ನಾಗಿ ತೊಳೆಯಿರಿ. ಆಮೇಲೆ ತೆಳು ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿಕೊಂಡು ಬಾನೆಟ್ ಸವರಿ. ಬರಿಗೈಗೆ ನುಣುಪು ಅನ್ನಿಸಿದ್ದು ಕವರ್ ಹಾಕಿದಾಗ ಚಿರೋಟಿ ರವೆ ಚೆಲ್ಲಿದ ಹಾಗೆ ತರಿತರಿ ಅನ್ನುತ್ತದೆ. ಅದು ಅಂಟಿಕೊಂಡ ಕೊಳೆ. ಅದನ್ನು ಕ್ಲೇ ಬಾರ್, ಅಂದರೆ ಜೇಡಿಮಣ್ಣಿನಂಥ ಮೆತ್ತನೆ ತುಂಡು, ಹಾಕಿ ತೆಗೆಯದೆ ಮೆಷಿನ್ ಮುಟ್ಟಬೇಡಿ. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೆಲ್ಲಾ ಟೇಪ್ ಅಂಟಿಸಿ, ಪಾಲಿಶ್ ತಾಗಿ ಒಣಗಿದರೆ ಬಿಳಿ ಕಲೆ ಹೋಗುವುದಿಲ್ಲ, ಹಲ್ಲುಜ್ಜುವ ಬ್ರಷ್ ಹಿಡಿದು ಒಂದು ಭಾನುವಾರ ಕಳೆದಿದ್ದೇನೆ. ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಎರಡಡಿ ಚೌಕ ಹಿಡಿಯಿರಿ, ಮೊದಲು ಒಂದನೇ ಸ್ಪೀಡಿನಲ್ಲಿ ಹರಡಿ, ಆಮೇಲೆ ನಾಲ್ಕಕ್ಕೆ ಏರಿಸಿ, ಕೈ ನಿಧಾನ. ಪ್ಯಾಡನ್ನು ಬಾನೆಟ್ಟಿಗೆ ಒತ್ತಿಟ್ಟ ಮೇಲೇ ಸ್ವಿಚ್ ಹಾಕಿ, ಇಲ್ಲದಿದ್ದರೆ ಪಾಲಿಶ್ ನಿಮ್ಮ ಅಂಗಿಗೆ, ಗೋಡೆಗೆ, ಪಕ್ಕದಲ್ಲಿ ಒಣಹಾಕಿದ ಸೀರೆಗೆ. ಬಿಸಿಲಲ್ಲಿ ಮಾತ್ರ ಬೇಡವೇ ಬೇಡ.

ವ್ಯಾಕ್ಸ್ ಬೇರೆ ವಿಷಯ. ಅದು ನಿಜಕ್ಕೂ ಹಚ್ಚುವಂಥದ್ದು. ಅದರಲ್ಲಿ ಹಾಕುವ ಕಾರ್ನೌಬಾ ಅನ್ನುವುದು ಬ್ರೆಜಿಲ್ ದೇಶದ ಒಂದು ತಾಳೆ ಜಾತಿ ಮರದ ಎಲೆಯ ಮೇಣ, ಮಿಠಾಯಿ, ಔಷಧಿ ಮಾತ್ರೆಗಳ ಹೊಳಪಿಗೂ ಅದನ್ನೇ ಬಳಸುತ್ತಾರೆ. ತೆಳ್ಳಗೆ ಹಚ್ಚಿ, ಮಂಜು ಕವಿದ ಹಾಗೆ ಆದಮೇಲೆ ಬೆರಳಲ್ಲಿ ಒಮ್ಮೆ ಎಳೆದು ನೋಡಿ, ಸ್ವಚ್ಛವಾಗಿ ಬಿಟ್ಟರೆ ಒರೆಸಬಹುದು. ಮೆಷಿನ್ನಿನಲ್ಲೇ ಹಚ್ಚುವುದಾದರೆ ಮೆತ್ತನೆ ಪ್ಯಾಡ್, ಅತಿ ಕಮ್ಮಿ ಸ್ಪೀಡ್. ನಾನಂತೂ ಕೈಯಲ್ಲೇ ಹಚ್ಚುತ್ತೇನೆ, ಮುಕ್ಕಾಲು ಗಂಟೆ ಯಾರೂ ಮಾತಾಡಿಸುವುದಿಲ್ಲ. ಹಚ್ಚಿದ ವ್ಯಾಕ್ಸ್ ಕೆಲವು ತಿಂಗಳು ನಿಲ್ಲುತ್ತದೆ. ಹೊಂಗೆ ಮರದ ಕೆಳಗೆ ನಿಲ್ಲಿಸುವವರಿಗೆ, ಬೋರ್‌ವೆಲ್ ನೀರಲ್ಲಿ ತೊಳೆದು ಬಿಳಿ ಉಂಗುರದ ಕಲೆ ಬರಿಸಿಕೊಳ್ಳುವವರಿಗೆ ಇದೇ ಮುಖ್ಯ, ಪಾಲಿಶ್ ಅಲ್ಲ. ತೊಳೆಯುವ ಕೆಲಸವೂ ಕಮ್ಮಿಯಾಗುತ್ತದೆ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆಗ ವ್ಯಾಕ್ಸ್ ಹಾಕಿದ್ದ ನನ್ನ ಕಾರಿಗೆ ಅರ್ಧ ಬಕೆಟ್ ಸಾಕಾಗುತ್ತಿತ್ತು.

ಮೆಷಿನ್ ಬೇಕಾದವರು ಭಾನುವಾರ ಬೆಳಿಗ್ಗೆ ಬನ್ನಿ, ಕಾರು ತೊಳೆದುಕೊಂಡು ಬನ್ನಿ. ಮೊದಲು ನನ್ನ ಬಾನೆಟ್ ಮೇಲಿನ ಆ ಚುಕ್ಕೆ ತೋರಿಸುತ್ತೇನೆ. ಹಬ್ಬದ ದಿನ ಬಂದರೆ ಕಾಣುವುದಿಲ್ಲ, ಅಮ್ಮ ಪ್ರತಿ ವರ್ಷ ಸರಿಯಾಗಿ ಅದರ ಮೇಲೇ ಗಂಧ ಕುಂಕುಮ ಇಡುತ್ತಾರೆ.